ಪುಟಕ್ಕೊಂದು ಬೀಗ, ಪುಟದೊಳಗೇ ಕೀಲಿಕೈ



"ನಾನು ಬರೆದಿದ್ದನ್ನು ಎಲ್ಲರೂ ಓದುವುದು ಬೇಡ, ಗೊತ್ತಿರುವ ನಾಲ್ಕು ಜನ ಓದಿದರೆ ಸಾಕು. ಪುಟಕ್ಕೆ ಪಾಸ್‌ವರ್ಡ್ ಹಾಕೋದು ಹೇಗೆ?" ಬಿಟ್ಟಿ ತಾಣಗಳಲ್ಲಿ ಪುಟ ಕಟ್ಟುವವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಯ ಮದುವೆ ಫೋಟೊಗಳಿರಬಹುದು, ಬಿಟ್ಟುಬಂದ ಊರಿನ ಕಥೆ ಇರಬಹುದು, ಇನ್ನೂ ತಿದ್ದಬೇಕಾದ ಕವನ ಇರಬಹುದು. ಎಲ್ಲವೂ ಊರಿಗೆಲ್ಲ ಡಂಗುರ ಹೊಡೆಯುವಂಥದ್ದಲ್ಲವಲ್ಲ!

ಈ ಪ್ರಶ್ನೆಗೆ ಉತ್ತರ ಕೊಡುತ್ತೇವೆ ಅಂತ ಒಂದು ಕಾಲದಲ್ಲಿ ಸಾಲು ಸಾಲು ತಂತ್ರಾಂಶಗಳು ಬಂದಿದ್ದವು. ನಮ್ಮ ಗಣಕದಲ್ಲೇ ಅನುಸ್ಥಾಪಿಸಿಕೊಂಡು, ಎಚ್‌ಟಿಎಂಎಲ್ ಕಡತವನ್ನು ಅದರ ಬಾಯಿಗೆ ಕೊಟ್ಟು, ಒಂದು ಪಾಸ್‌ವರ್ಡ್ ಬರೆದು, ಗುಂಡಿ ಒತ್ತಿದರೆ ಆಯಿತು. ಬೀಗ ಹಾಕಿದ ಪುಟ ಈಚೆ ಬರುತ್ತಿತ್ತು. ಅದನ್ನು ತಾಣಕ್ಕೆ ಏರಿಸಿ ನಿಶ್ಚಿಂತೆಯಿಂದ ಮಲಗಬಹುದು ಅಂತ ಅವರ ಜಾಹೀರಾತು. ಆ ಬೀಗಗಳು ಎಷ್ಟು ಗಟ್ಟಿ ಇದ್ದವು, ಅವುಗಳ ಹಿಂದೆ ಇದ್ದ ಪುಟಗಳು ಇವತ್ತು ಎಲ್ಲಿವೆ, ಅದರಲ್ಲಿ ಕನ್ನಡದ ಪಾಡು ಏನಾಯಿತು ಅನ್ನುವ ಇತಿಹಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಒಂದು ಲೋಟ ಕಾಫಿ ಜೊತೆಗೆ ಓದಿ.

ಮೊದಲು ನಮ್ಮೂರ ಬಾಗಿಲು

ಬೀಗ, ಕಾವಲು, ತಪಾಸಣೆ ಅಂದರೆ ಊರಿಗಾಂನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ಈ ಊರಿನ ಅರ್ಧ ವ್ಯವಹಾರ ಚಿನ್ನ ತೆಗೆಯುವುದು, ಇನ್ನರ್ಧ ತೆಗೆದ ಚಿನ್ನ ಹೊರಗೆ ಹೋಗದಂತೆ ಕಾಯುವುದು. ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕ ತಪಾಸಣೆ ದಾಟಿಯೇ ಮನೆಗೆ ಹೋಗಬೇಕಿತ್ತು. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅನ್ನುವ ಪದ್ಧತಿ ತಂದಾಗ ಗಣಿಗಳಲ್ಲಿ ದೊಡ್ಡ ಮುಷ್ಕರವೇ ಆಯಿತು. ದುಡಿಯುವವರನ್ನು ಕಳ್ಳರ ಪಟ್ಟಿಗೆ ಸೇರಿಸಿದಂತೆ ಅಂತ ಅವರಿಗೆ ಅನ್ನಿಸಿದ್ದು ಸಹಜವೇ.

ಇವತ್ತಿನ ಗಣಕ ಪುಸ್ತಕಗಳು ಗುರುತು ಖಚಿತಪಡಿಸಿಕೊಳ್ಳಲು ಮೂರು ದಾರಿ ಇವೆ ಅನ್ನುತ್ತವೆ: ನಿಮ್ಮ ಬಳಿ ಇರುವ ವಸ್ತು (ಬಿಲ್ಲೆ, ಕಾರ್ಡು), ನಿಮ್ಮ ದೇಹ (ಬೆರಳಚ್ಚು), ನಿಮಗೆ ಮಾತ್ರ ಗೊತ್ತಿರುವ ಗುಟ್ಟು (ಪಾಸ್‌ವರ್ಡ್). ಇದರಲ್ಲಿ ಬೆರಳಚ್ಚಿನ ಜಗಳವನ್ನು ನಮ್ಮೂರು ಗಣಕ ಬರುವುದಕ್ಕೂ ಮೊದಲೇ ನೋಡಿಬಿಟ್ಟಿತ್ತು.

ಈ ಗಣಿಯ ವ್ಯವಸ್ಥೆಯಲ್ಲಿ ಒಂದು ವಿಷಯ ಗಮನಿಸಿ. ತಪಾಸಣೆ ಗಣಿಯ ಬಾಗಿಲಲ್ಲಿ ನಡೆಯುತ್ತಿತ್ತು. ಬಾಗಿಲು ಕಂಪನಿಯದು, ಕಾವಲುಗಾರ ಕಂಪನಿಯವನು, ಚಿನ್ನ ಒಳಗಡೆ. ಚಿನ್ನವನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದು ಎಲ್ಲರ ಕೈಗೂ ಒಂದೊಂದು ಪೆಟ್ಟಿಗೆ ಕೊಟ್ಟು "ಮನೆಗೆ ತಗೊಂಡು ಹೋಗಿ, ಆದರೆ ತೆಗೀಬೇಡಿ" ಅಂತ ಯಾವ ಮ್ಯಾನೇಜರೂ ಹೇಳಲಿಲ್ಲ. ತಮಾಷೆ ಅನ್ನಿಸಬಹುದು. ಆದರೆ ಮುಂದೆ ಹೇಳಲಿರುವ ತಂತ್ರಾಂಶಗಳು ಮಾಡಿದ್ದು ಇದನ್ನೇ!

ಪಾಸ್‌ವರ್ಡ್ ಹುಟ್ಟಿದ್ದು, ಹುಟ್ಟಿದ ಕೂಡಲೇ ಕಳುವಾಗಿದ್ದು

ಗಣಕಕ್ಕೆ ಪಾಸ್‌ವರ್ಡ್ ಬಂದಿದ್ದು 1960ರ ದಶಕದ ಮೊದಲಲ್ಲಿ, ಅಮೆರಿಕದ ಎಂಐಟಿಯಲ್ಲಿ. ಫರ್ನಾಂಡೊ ಕೊರ್ಬಾಟೊ ಅವರ ತಂಡ ಕಟ್ಟಿದ ಸಿಟಿಎಸ್ಎಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಒಬ್ಬರ ಕಡತ ಇನ್ನೊಬ್ಬರು ನೋಡದಿರಲಿ, ಒಬ್ಬರ ಪಾಲಿನ ಸಮಯ ಇನ್ನೊಬ್ಬರು ಬಳಸದಿರಲಿ ಅಂತ ತಲೆಗೊಂದು ಪಾಸ್‌ವರ್ಡ್ ಕೊಟ್ಟರು.

1962ರಲ್ಲೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ವಾರಕ್ಕೆ ಕೊಟ್ಟಿದ್ದ ಗಣಕದ ಸಮಯ ಸಾಲದೆ, ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಂಡುಬಿಟ್ಟ. ಆ ವಿಷಯವನ್ನು ಅವನು ಹೊರಗೆ ಹೇಳಿದ್ದು ಇಪ್ಪತ್ತೈದು ವರ್ಷ ಕಳೆದ ಮೇಲೆ. 1966ರಲ್ಲಿ ಇನ್ನೊಂದು ಎಡವಟ್ಟು. ಒಳಗೆ ಬಂದವರಿಗೆ ತೋರಿಸುವ ದಿನದ ಸಂದೇಶದ ಕಡತ ಮತ್ತು ಪಾಸ್‌ವರ್ಡ್ ಕಡತ ಅದಲುಬದಲಾಗಿ, ಲಾಗಿನ್ ಆದ ಪ್ರತಿಯೊಬ್ಬರಿಗೂ ಎಲ್ಲರ ಪಾಸ್‌ವರ್ಡ್‌ಗಳ ದರ್ಶನವಾಯಿತು!

ಇದರಿಂದ ಕಲಿತ ಪಾಠ ಯುನಿಕ್ಸ್‌ನಲ್ಲಿ ಕಾಣಿಸಿತು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರಲ್ಲಿ ಬರೆದ ಪ್ರಬಂಧದಲ್ಲಿ ಅದನ್ನು ವಿವರಿಸಿದ್ದಾರೆ. ಪಾಸ್‌ವರ್ಡನ್ನು ಇದ್ದ ಹಾಗೆ ಎಲ್ಲೂ ಬರೆದಿಡಬಾರದು. ಅದನ್ನು ಅರೆದು, ಹಿಂದಕ್ಕೆ ತಿರುಗಿಸಲಾಗದ ರೂಪದಲ್ಲಿ ಇಡಬೇಕು. ಅರೆಯುವ ಕೆಲಸ ಬೇಕೆಂತಲೇ ನಿಧಾನವಾಗಿರಬೇಕು, ಊಹಿಸಿ ನೋಡುವವನಿಗೆ ಬೇಸರ ಬರಲಿ ಅಂತ. ಪ್ರತಿಯೊಂದಕ್ಕೂ ಬೇರೆ ಬೇರೆ "ಉಪ್ಪು" ಬೆರೆಸಬೇಕು, ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಅರೆದ ಹಿಟ್ಟು ಬೇರೆಬೇರೆಯಾಗಲಿ ಅಂತ. ಇದು 1979ರ ಮಾತು. ಇಪ್ಪತ್ತು ವರ್ಷದ ನಂತರ ಬಂದ ಪುಟಬೀಗದ ತಂತ್ರಾಂಶಗಳಲ್ಲಿ ಬಹಳಷ್ಟು ಈ ಪಾಠ ಓದಿರಲಿಲ್ಲ.

ಜಾಲದ ಬಾಗಿಲು

ವೆಬ್ ಬಂದ ಹೊಸತರಲ್ಲೇ ಪಾಸ್‌ವರ್ಡ್ ಕೇಳುವ ವ್ಯವಸ್ಥೆಯೂ ಬಂತು. ಸರ್ವರಿನ ಒಂದು ಫೋಲ್ಡರಿನಲ್ಲಿ ಚಿಕ್ಕ ಕಡತವೊಂದನ್ನು ಇಟ್ಟರೆ ಆ ಫೋಲ್ಡರಿಗೆ ಬೀಗ ಬೀಳುತ್ತಿತ್ತು. (ಅದರ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಎಚ್‌ಟಿ-ಆಕ್ಸೆಸ್ ಅಂತ. ಅಪಾಚೆ ಸರ್ವರ್ ಬಳಸಿದವರಿಗೆ ಗೊತ್ತು.) 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ದಾಖಲೆಯಲ್ಲೇ ಇದಕ್ಕೆ "ಬೇಸಿಕ್" ವಿಧಾನ ಅಂತ ಹೆಸರಿದೆ. ಬ್ರೌಸರು ಒಂದು ಪುಟ್ಟ ಕಿಟಕಿ ತೆಗೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅವನ್ನು ಸರ್ವರಿಗೆ ಕಳಿಸುತ್ತದೆ. ಸರಿ ಇದ್ದರೆ ಮಾತ್ರ ಸರ್ವರು ಪುಟ ಕೊಡುತ್ತದೆ, ಇಲ್ಲದಿದ್ದರೆ 401 ಅಂತ ಹೇಳಿ ಬಾಗಿಲು ಹಾಕುತ್ತದೆ.

ಇದರಲ್ಲೂ ಕೊರತೆ ಇತ್ತು. ಪಾಸ್‌ವರ್ಡ್ ತಂತಿಯಲ್ಲಿ ಹೋಗುವಾಗ ಬೇಸ್-64 ಎಂಬ ವೇಷ ಹಾಕಿಕೊಂಡು ಹೋಗುತ್ತಿತ್ತು, ಅಷ್ಟೇ. ಅದು ಗೂಢಲಿಪಿಯಲ್ಲ, ಯಾರು ಬೇಕಾದರೂ ಬಿಚ್ಚಬಹುದಾದ ಮಡಿಕೆ. ಆದರೂ ಮುಖ್ಯ ವಿಷಯ ಸರಿಯಾಗಿತ್ತು. ಪಾಸ್‌ವರ್ಡ್ ಸರಿಯೇ ಅಂತ ನೋಡುವವನು ಸರ್ವರ್. ಸರಿ ಇಲ್ಲದಿದ್ದರೆ ಪುಟ ಅಲ್ಲಿಂದ ಹೊರಡುವುದೇ ಇಲ್ಲ. ಅಂದರೆ ನಮ್ಮ ಗಣಿಯ ಬಾಗಿಲಿನ ಹಾಗೆ.

ಸಮಸ್ಯೆ ಬಂದಿದ್ದು ನಮ್ಮಂಥ ಬಿಟ್ಟಿ ತಾಣದವರಿಗೆ! ಭಾರತದಲ್ಲಿ ವಿಎಸ್ಎನ್ಎಲ್ ಜನಸಾಮಾನ್ಯರಿಗೆ ಅಂತರ್ಜಾಲ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಆಗಿನ ಡಯಲಪ್ ಕಾಲದಲ್ಲಿ ದುಡ್ಡು ಕೊಟ್ಟು ಸರ್ವರ್ ಹಿಡಿಯುವುದು ಸಾಮಾನ್ಯರಿಗೆ ಕನಸು. ಜಿಯೋಸಿಟೀಸ್, ಟ್ರೈಪಾಡ್, ಏಂಜಲ್‌ಫೈರ್‌ನಂಥ ತಾಣಗಳು ಕೆಲವು ಎಂಬಿ ಜಾಗ ಪುಕ್ಕಟೆ ಕೊಡುತ್ತಿದ್ದವು. 1999ರಲ್ಲಿ ಯಾಹೂ ಕೊಂಡುಕೊಂಡ ಮೇಲೆ ಜಿಯೋಸಿಟೀಸ್‌ನಲ್ಲಿ 15 ಎಂಬಿ ಸಿಗುತ್ತಿತ್ತು. ಪುಟ ಏರಿಸಬಹುದು, ಚಿತ್ರ ಏರಿಸಬಹುದು. ಆದರೆ ಸರ್ವರಿನ ಬೀಗದ ಕಡತ ಇಡಲು ಬಿಡುತ್ತಿರಲಿಲ್ಲ. ಮನೆ ಬಿಟ್ಟಿ, ಆದರೆ ಬಾಗಿಲು ಮಾಲೀಕರದ್ದು.

ಬಾಗಿಲು ನಮ್ಮದಲ್ಲದ ಮೇಲೆ ಬೀಗವನ್ನು ಎಲ್ಲಿ ಹಾಕುವುದು? ಪುಟಕ್ಕೇ ಹಾಕಬೇಕು. ಆ ತಂತ್ರಾಂಶಗಳೆಲ್ಲ ಹುಟ್ಟಿದ್ದು ಈ ಒಂದು ಇಕ್ಕಟ್ಟಿನಿಂದ.

ಪುಟಬೀಗದ ಮೂರು ತಲೆಮಾರು

1995ರ ಕೊನೆಗೆ ನೆಟ್‌ಸ್ಕೇಪ್ ಕಂಪನಿ ಜಾವಾಸ್ಕ್ರಿಪ್ಟ್ ಘೋಷಿಸಿತು. ಅದರಿಂದ ಪುಟದೊಳಗೇ ಸಣ್ಣ ಪ್ರೋಗ್ರಾಂ ಬರೆಯಬಹುದಾಯಿತು. ಮೊದಲ ತಲೆಮಾರಿನ ಬೀಗ ಎರಡು ಸಾಲಿನದು. ಪುಟ ತೆರೆದ ಕೂಡಲೇ ಒಂದು ಪೆಟ್ಟಿಗೆ ಬಂದು ಪಾಸ್‌ವರ್ಡ್ ಕೇಳುತ್ತದೆ. ನೀವು ಬರೆದದ್ದು "ಮಲ್ಲಿಗೆ" ಆಗಿದ್ದರೆ ಮುಂದಿನ ಪುಟಕ್ಕೆ ಹೋಗು, ಇಲ್ಲದಿದ್ದರೆ ಹಿಂದಕ್ಕೆ ಹೋಗು. ಆದರೆ "ಮಲ್ಲಿಗೆ" ಅನ್ನುವ ಪದ ಪುಟದ ಮೂಲದಲ್ಲೇ ಬರೆದಿದೆ! ಬ್ರೌಸರಿನ ಮೆನುವಿನಲ್ಲಿ "ವ್ಯೂ ಸೋರ್ಸ್" ಒತ್ತಿದರೆ ಪಾಸ್‌ವರ್ಡೂ ಕಾಣುತ್ತದೆ, ಮುಂದಿನ ಪುಟದ ವಿಳಾಸವೂ ಕಾಣುತ್ತದೆ. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅದೇ ಬಾಗಿಲಿಗೆ ನೇತುಹಾಕಿದಂತೆ.

ಎರಡನೇ ತಲೆಮಾರು ಸ್ವಲ್ಪ ಜಾಣ. ಪಾಸ್‌ವರ್ಡನ್ನು ಎಲ್ಲೂ ಬರೆಯುವುದೇ ಬೇಡ, ಪಾಸ್‌ವರ್ಡೇ ಕಡತದ ಹೆಸರಾಗಿರಲಿ. ನೀವು ಬರೆದ ಪದದ ಮುಂದೆ ಎಚ್‌ಟಿಎಂಎಲ್ ಅಂತ ಸೇರಿಸಿ ಆ ವಿಳಾಸಕ್ಕೆ ಹೋಗುವುದು. ಪದ ಸರಿ ಇದ್ದರೆ ಪುಟ ಸಿಗುತ್ತದೆ, ಇಲ್ಲದಿದ್ದರೆ "404, ಪುಟ ಇಲ್ಲ". ಸರಳವಾಗಿದೆ, ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಒಬ್ಬರು ಆ ವಿಳಾಸವನ್ನು ಮಿಂಚೆಯಲ್ಲಿ ಕಳಿಸಿದರೆ ಅಥವಾ ಬೇರೊಂದು ಪುಟದಲ್ಲಿ ಕೊಂಡಿ ಕೊಟ್ಟರೆ ಗುಟ್ಟು ಮುಗಿಯಿತು. ಫೋಲ್ಡರಿನ ಪಟ್ಟಿ ತೋರಿಸುವ ಸರ್ವರಾದರೆ ಕೇಳುವುದೇ ಬೇಡ.

ಮೂರನೇ ತಲೆಮಾರೇ ಗಣಕದಲ್ಲಿ ಕೂರಿಸಿಕೊಳ್ಳುವ ತಂತ್ರಾಂಶಗಳದ್ದು. ಇವು ಇಡೀ ಪುಟವನ್ನು ಅರ್ಥವಾಗದ ಅಕ್ಷರಗಳ ರಾಶಿ ಮಾಡಿ, ಅದನ್ನು ಬಿಚ್ಚುವ ಜಾವಾಸ್ಕ್ರಿಪ್ಟನ್ನೂ ಜೊತೆಗೇ ಸೇರಿಸಿ, ಒಂದೇ ಕಡತ ಮಾಡಿ ಕೊಡುತ್ತಿದ್ದವು. ಜೊತೆಗೆ ಇನ್ನಷ್ಟು ಅಲಂಕಾರ: ಬಲ ಗುಂಡಿ ಒತ್ತಿದರೆ "ಕಾಪಿ ಮಾಡಬೇಡಿ" ಅಂತ ಗದರಿಸುವುದು, ಪಠ್ಯ ಆಯ್ಕೆ ಮಾಡಲು ಬಿಡದಿರುವುದು, ಮುದ್ರಣ ತಡೆಯುವುದು, ಮೂಲದ ಮೊದಲಿಗೆ ನೂರಾರು ಖಾಲಿ ಸಾಲು ಸೇರಿಸಿ "ಇಲ್ಲೇನೂ ಇಲ್ಲ" ಅಂತ ನಂಬಿಸುವುದು!

ಹೊರಗಿನಿಂದ ನೋಡಿದರೆ ಎಲ್ಲ ತಂತ್ರಾಂಶಗಳೂ ಒಂದೇ ಥರ. ಒಳಗಡೆ ಮಾತ್ರ ಎರಡು ಜಾತಿ.

ಮೊದಲ ಜಾತಿಯಲ್ಲಿ ಪುಟವನ್ನು ಬಿಚ್ಚಲು ಬೇಕಾದ್ದೆಲ್ಲ ಪುಟದೊಳಗೇ ಇರುತ್ತದೆ. ಪಾಸ್‌ವರ್ಡ್ ಕೇಳುವುದು ಬರೀ ಶಾಸ್ತ್ರಕ್ಕೆ. ಪಾಸ್‌ವರ್ಡ್ ಪರೀಕ್ಷಿಸುವ ಸಾಲನ್ನು ಅಳಿಸಿಬಿಟ್ಟರೆ ಪುಟ ತಾನಾಗಿ ಬಿಚ್ಚಿಕೊಳ್ಳುತ್ತದೆ. ಚಿನ್ನ, ಪೆಟ್ಟಿಗೆ, ಕೀಲಿಕೈ ಮೂರೂ ನೋಡುಗನ ಮನೆ ಸೇರಿರುತ್ತವೆ.

ಎರಡನೇ ಜಾತಿಯಲ್ಲಿ ನೀವು ಕೊಟ್ಟ ಪಾಸ್‌ವರ್ಡೇ ಕೀಲಿಕೈ. ಅದರಿಂದಲೇ ಗೂಢಲಿಪೀಕರಣ ನಡೆದಿರುತ್ತದೆ, ಅದು ಪುಟದಲ್ಲಿ ಎಲ್ಲೂ ಇರುವುದಿಲ್ಲ. ಪಾಸ್‌ವರ್ಡ್ ಗೊತ್ತಿಲ್ಲದವರಿಗೆ ಸಿಗುವುದು ಬರೀ ಕಸ. ಇದು ನಿಜವಾದ ಬೀಗ. ಆದರೆ ಪೆಟ್ಟಿಗೆ ಮಾತ್ರ ನೋಡುಗನ ಮನೆಯಲ್ಲೇ ಇರುತ್ತದೆ, ಅವನು ಎಷ್ಟು ದಿನ ಬೇಕಾದರೂ ಕೂತು ಕೀಲಿಕೈ ಹಾಕಿ ಹಾಕಿ ನೋಡಬಹುದು. ನಾಲ್ಕಂಕಿಯ ಸಂಖ್ಯೆ ಪಾಸ್‌ವರ್ಡಾಗಿದ್ದರೆ ನೋಡಬೇಕಾದ್ದು 10,000 ಸಲ, ಗಣಕಕ್ಕೆ ಅದು ಕಣ್ಣು ಮಿಟುಕಿಸುವ ಕೆಲಸ. ಸರ್ವರಾದರೆ ಹತ್ತು ಸಲ ತಪ್ಪಿದವನನ್ನು ಆಚೆ ಹಾಕಬಹುದು. ಪುಟಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು?

ಆಗಿನ ಕಾನೂನೂ ಗಟ್ಟಿ ಬೀಗಕ್ಕೆ ಅಡ್ಡಿ ಆಗಿತ್ತು. 2000ದ ಜನವರಿಯಲ್ಲಿ ನಿಯಮ ಸಡಿಲಿಸುವವರೆಗೆ ಅಮೆರಿಕ ಬಲವಾದ ಗೂಢಲಿಪಿ ತಂತ್ರಾಂಶಗಳ ರಫ್ತಿಗೆ ಕಡಿವಾಣ ಹಾಕಿತ್ತು. ಅಲ್ಲಿಂದ ಹೊರಗೆ ಹೋಗುತ್ತಿದ್ದ ಬ್ರೌಸರುಗಳಲ್ಲಿ 40 ಬಿಟ್‌ಗಳ ಕೀಲಿಕೈ ಸಾಮಾನ್ಯವಾಗಿತ್ತು. ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು. ಆದರೆ 1999ರ ಜನವರಿಯಲ್ಲಿ ಅದಕ್ಕಿಂತ 65,000 ಪಟ್ಟು ದೊಡ್ಡದಾದ 56 ಬಿಟ್‌ನ ಡಿಇಎಸ್ ಕೀಲಿಕೈಯನ್ನು ಒಂದು ವಿಶೇಷ ಯಂತ್ರ ಮತ್ತು ಜಾಲದಲ್ಲಿ ಸೇರಿದ ಸಾವಿರಾರು ಗಣಕಗಳು ಒಂದು ದಿನದೊಳಗೆ ಹುಡುಕಿಬಿಟ್ಟಿದ್ದವು.

ಕನ್ನಡದ ಪಾಡು

ಈಗ ನಮ್ಮ ವಿಷಯಕ್ಕೆ ಬರೋಣ. ಈ ತಂತ್ರಾಂಶಗಳನ್ನು ಬರೆದವರ ತಲೆಯಲ್ಲಿ ಇದ್ದದ್ದು ಇಂಗ್ಲಿಷ್. ಒಂದು ಅಕ್ಷರ ಅಂದರೆ ಒಂದು ಬೈಟ್. ಆದರೆ ಯುಟಿಎಫ್-8ರಲ್ಲಿ ಬರೆದ ಯುನಿಕೋಡ್ ಕನ್ನಡದಲ್ಲಿ "ಕ" ಎಂಬ ಒಂದೇ ಅಕ್ಷರಕ್ಕೆ ಮೂರು ಬೈಟು ಬೇಕು. ಹಳೆಯ ಶೈಲಿಯ ತಂತ್ರಾಂಶ ಮೂರೂ ಬೈಟುಗಳನ್ನು ಬೇರೆ ಬೇರೆಯಾಗಿ ಮುಚ್ಚಿಡುತ್ತಿತ್ತು. ಬಿಚ್ಚುವಾಗ ಜಾವಾಸ್ಕ್ರಿಪ್ಟಿನ ಹಳೆಯ ಆದೇಶ ಒಂದೊಂದು ಬೈಟನ್ನೂ ಒಂದೊಂದು ಯುರೋಪಿನ ಅಕ್ಷರ ಅಂತ ತಿಳಿದು ಬರೆಯುತ್ತಿತ್ತು. ಒಂದು "ಕ"ದ ಬದಲು ಮೂರು ವಿಚಿತ್ರ ಚಿಹ್ನೆಗಳು! ಕೆಲವು ತಂತ್ರಾಂಶಗಳಲ್ಲಿ ಅದೂ ಇಲ್ಲ, ಕಡತ ತೆರೆಯುವಾಗಲೇ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಆ ಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಏನೂ ಬರುವಂತಿಲ್ಲ, ಯಾಕೆಂದರೆ ಬೀಗ ಹಾಕುವ ಮೊದಲೇ ಒಳಗಿದ್ದದ್ದು ನಾಶವಾಗಿದೆ. ಬೈಟುಗಳನ್ನು ಸರಿಯಾಗಿ ಕೂಡಿಸುವ ಹೊಸ ಆದೇಶ ಜಾವಾಸ್ಕ್ರಿಪ್ಟಿನ ಮಾನಕಕ್ಕೆ ಬಂದಿದ್ದು 1999ರ ಡಿಸೆಂಬರಿನಲ್ಲಿ. ತಂತ್ರಾಂಶದವರೆಲ್ಲ ಅದನ್ನು ಕೂಡಲೇ ಬಳಸಿದರು ಅಂತಲ್ಲ.

ಆದರೆ ಕನ್ನಡಕ್ಕೆ ಇನ್ನೊಂದು ಬೀಗ ಇತ್ತು. ಯಾರೂ ಅದನ್ನು ಬೀಗ ಅಂತ ಕರೆಯಲಿಲ್ಲ. ಅದು ಫಾಂಟು.

ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ನಮ್ಮ ಗಣಕಗಳಿಗೆ ಅದು ಅರ್ಥವಾಗಲು ಶುರುವಾಗಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ, ಅದರ ಜೊತೆ ತುಂಗಾ ಫಾಂಟು ಬಂದ ಮೇಲೆ. ನಡುವಿನ ಹತ್ತು ವರ್ಷ ನಮ್ಮನ್ನು ಕಾಪಾಡಿದ್ದು 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹದಂಥ ತಂತ್ರಾಂಶಗಳು, ಆ ಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಅವರ ಋಣ ದೊಡ್ಡದು. ಅವುಗಳಲ್ಲಿ ಬಳಕೆಯಲ್ಲಿದ್ದ ಫಾಂಟುಗಳ ವಿಧಾನ ಏನೆಂದರೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸುವುದು. ತಲೆಕಟ್ಟು, ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಚೂರು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರ ರಾಶಿ. ಪತ್ರಿಕೆಗೊಂದು ಫಾಂಟು, ಪೋರ್ಟಲಿಗೊಂದು ಫಾಂಟು, ಒಂದರ ಸಂಕೇತ ಇನ್ನೊಂದಕ್ಕೆ ಆಗದು.

ಯೋಚಿಸಿ ನೋಡಿ, ಇದಕ್ಕೂ ಗೂಢಲಿಪಿಗೂ ಏನು ವ್ಯತ್ಯಾಸ? ಕೀಲಿಕೈ ಇದ್ದವರು ಓದುತ್ತಾರೆ, ಇಲ್ಲದವರಿಗೆ ಕಸ. ಇಲ್ಲಿ ಕೀಲಿಕೈ ಫಾಂಟು. ಹುಡುಕುಯಂತ್ರಗಳಿಗೆ ಈ ಕನ್ನಡ ಕಾಣಲಿಲ್ಲ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶಗಳಿಗೂ ಇದು ಓದಲು ಬರಲಿಲ್ಲ.

ಇದಕ್ಕೂ ಒಂದು ಗಣಕದ ತಂತ್ರಾಂಶ ಇತ್ತು ಅಂದರೆ ನಂಬುತ್ತೀರಾ? ಮೈಕ್ರೋಸಾಫ್ಟ್ 1997ರ ಹೊತ್ತಿಗೆ ವೆಫ್ಟ್ ಎಂಬ ಉಪಕರಣವನ್ನು ಕೊಟ್ಟಿತು. ಪುಟದ ಜೊತೆಗೇ ಫಾಂಟನ್ನೂ ಕಳಿಸುವ "ಡೈನಾಮಿಕ್ ಫಾಂಟ್" ಮಾಡಲು ಅದು ಬೇಕಿತ್ತು. ಓದುಗರು ಫಾಂಟು ಇಳಿಸಿಕೊಳ್ಳುವ ತಾಪತ್ರಯ ತಪ್ಪಿತು ಅಂತ ಭಾರತೀಯ ಭಾಷೆಗಳ ತಾಣಗಳು ಇದನ್ನು ಖುಷಿಯಿಂದಲೇ ಅಪ್ಪಿಕೊಂಡವು. ಆದರೆ ಫಾಂಟು ಕಳುವಾಗಬಾರದು ಅಂತ ಅದರಲ್ಲಿ ಎರಡು ಬೀಗ ಇದ್ದವು. ಒಂದು, ಯಾವ ತಾಣದ ವಿಳಾಸಕ್ಕೆ ಫಾಂಟನ್ನು ಕಟ್ಟಿಹಾಕಿದೆಯೋ ಅಲ್ಲಿ ಮಾತ್ರ ಅದು ತೆರೆಯುತ್ತದೆ. ಹಾಗಾಗಿ ಪುಟವನ್ನು ನಿಮ್ಮ ಗಣಕಕ್ಕೆ ಉಳಿಸಿಕೊಂಡು ಆಮೇಲೆ ತೆರೆದರೆ ಕನ್ನಡ ಮಾಯ! ಎರಡು, ಬೇಕಿದ್ದರೆ ಫಾಂಟಿನ ಕಡತವನ್ನೇ ಗೂಢಲಿಪಿ ಮಾಡಬಹುದಿತ್ತು. ಆ ಗೂಢಲಿಪಿ ಏನು ಗೊತ್ತೇ? ಪ್ರತಿ ಬೈಟನ್ನೂ 80 ಎಂಬ ಒಂದೇ ಸಂಖ್ಯೆಯ ಜೊತೆ ಕಲಸುವುದು. ಜಗತ್ತಿನ ಎಲ್ಲ ಫಾಂಟುಗಳಿಗೂ ಅದೇ 80. 2008ರಲ್ಲಿ ಕಂಪನಿಯೇ ಈ ವಿಧಾನವನ್ನು ಡಬ್ಲ್ಯು3ಸಿ ಸಂಸ್ಥೆಯ ಮುಂದೆ ಇಟ್ಟಾಗ ಇದು ಎಲ್ಲರಿಗೂ ಓದಲು ಸಿಕ್ಕಿತು.

ಕಳ್ಳರಿಗೆ ಈ ಬೀಗ ಏನೂ ಅಲ್ಲ. ತೊಂದರೆಯಾಗಿದ್ದು ಓದುಗರಿಗೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆ ಬ್ರೌಸರುಗಳಲ್ಲಿ ಇದು ನಡೆಯಲಿಲ್ಲ. ನೆಟ್‌ಸ್ಕೇಪ್ ಬಳಸುತ್ತಿದ್ದ ಇನ್ನೊಂದು ವಿಧಾನವನ್ನು ಅವರೇ ಮುಂದಿನ ಆವೃತ್ತಿಯಲ್ಲಿ ಕೈಬಿಟ್ಟರು. ಎಕ್ಸ್‌ಪ್ಲೋರರ್ ಕೂಡ 2022ರ ಜೂನ್‌ನಲ್ಲಿ ನಿವೃತ್ತಿ ಆಯಿತು. ಆ ಪುಟಗಳ ಕೀಲಿಕೈ ಇಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಹೋದರು, ಪುಟಗಳು ಮಾತ್ರ ಬೀಗ ಹಾಕಿಕೊಂಡೇ ಉಳಿದವು.

2009ರ ಅಕ್ಟೋಬರ್ 26

ಆ ದಿನ ಯಾಹೂ ಜಿಯೋಸಿಟೀಸನ್ನು ಮುಚ್ಚಿತು. (ಜಪಾನಿನಲ್ಲಿ ಮಾತ್ರ 2019ರವರೆಗೆ ಇತ್ತು.) ಸುದ್ದಿ ಗೊತ್ತಾದ ಮೇಲೆ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಹಗಲೂ ರಾತ್ರಿ ಕೂತು ಸಿಕ್ಕಷ್ಟು ಪುಟಗಳನ್ನು ಇಳಿಸಿಕೊಂಡಿತು. ಇಂಟರ್‌ನೆಟ್ ಆರ್ಕೈವ್ ಕೂಡ ಉಳಿಸಿತು. 2010ರಲ್ಲಿ ಆರ್ಕೈವ್ ಟೀಮ್ ತಾನು ಉಳಿಸಿದ್ದನ್ನು ಟೊರೆಂಟ್ ಆಗಿ ಎಲ್ಲರಿಗೂ ಕೊಟ್ಟಿತು.

ಈಗ ನಮ್ಮ ಮೂರು ತಲೆಮಾರಿನ ಬೀಗಗಳನ್ನು ನೆನಪಿಸಿಕೊಳ್ಳಿ. ಬೀಗ ಹಾಕಿದ ಪುಟಗಳಿಗೆ ಆ ದಿನ ಏನಾಗುತ್ತದೆ?

ಎರಡು ಸಾಲಿನ ಜಾವಾಸ್ಕ್ರಿಪ್ಟ್ ಬೀಗ ಹಾಕಿದ ಪುಟ: ಮುಂದಿನ ಪುಟದ ವಿಳಾಸ ಮೂಲದಲ್ಲೇ ಇರುವುದರಿಂದ ಉಳಿಸುವವರ ಕಣ್ಣಿಗೆ ಬೀಳುವ ಅವಕಾಶ ಇತ್ತು. ಬಿದ್ದಿದ್ದರೆ ಇವತ್ತೂ ಓದಬಹುದು.

ಪಾಸ್‌ವರ್ಡೇ ಕಡತದ ಹೆಸರಾಗಿದ್ದ ಪುಟ: ಅದಕ್ಕೆ ಎಲ್ಲೂ ಕೊಂಡಿಯೇ ಇಲ್ಲ. ಕೊಂಡಿ ಹಿಡಿದು ಹೋಗುವ ಯಂತ್ರಕ್ಕೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಸರ್ವರಿನ ಜೊತೆ ಅದೂ ಹೋಯಿತು.

ತಂತ್ರಾಂಶದ ಮೊದಲ ಜಾತಿಯಲ್ಲಿ, ಅಂದರೆ ಶಾಸ್ತ್ರಕ್ಕೆ ಬೀಗ ಹಾಕಿದ ಪುಟ: ಉಳಿದಿದ್ದರೆ ಬಿಚ್ಚಬಹುದು.

ಎರಡನೇ ಜಾತಿಯಲ್ಲಿ, ನಿಜವಾಗಿ ಗೂಢಲಿಪಿ ಆದ ಪುಟ: ಉಳಿದಿರಬಹುದು, ಆದರೆ ಪಾಸ್‌ವರ್ಡ್ ಮರೆತಿದ್ದರೆ ಬರೆದವರಿಗೇ ಅದು ಕಸ. ಬರೆದವರು ತೀರಿಕೊಂಡಿದ್ದರೆ ಅವರ ಮಕ್ಕಳಿಗೂ ಕಸ.

ಅಂದರೆ ಬೀಗ ಎಷ್ಟು ಕೆಟ್ಟದಿತ್ತೋ ಪುಟ ಅಷ್ಟು ಉಳಿಯಿತು, ಬೀಗ ಎಷ್ಟು ಒಳ್ಳೆಯದಿತ್ತೋ ಪುಟ ಅಷ್ಟು ಹೋಯಿತು! ಇದನ್ನು ನೋಡಿ ನಗಬೇಕೋ ಅಳಬೇಕೋ ನೀವೇ ಹೇಳಿ. ನಮ್ಮೂರಿನಂಥ ಊರಿಗೆ ಇದು ಬರೀ ತಮಾಷೆಯ ವಿಷಯವಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಜನ ಚದುರಿದರು. ಉಳಿದವರು ಬೆಳಿಗ್ಗೆ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವಂತಾಯಿತು. ಊರಿನ ಫೋಟೊ, ಶಾಫ್ಟಿನ ನೆನಪು, ಕ್ವಾರ್ಟರ್ಸಿನ ಕಥೆ ಎಲ್ಲ ಒಂದು ಕಡೆ ಸೇರಬಹುದಾಗಿದ್ದ ಜಾಗ ಎಂದರೆ ಇಂಥ ಬಿಟ್ಟಿ ಪುಟಗಳೇ. ಚದುರಿಹೋದ ಊರಿನವರು ಬೀಗ ಹಾಕುವಾಗ ಹೆಚ್ಚು ಯೋಚಿಸಬೇಕಾಗುತ್ತದೆ.

ಇವತ್ತು

ಈ ಕಥೆ ಮುಗಿದುಹೋದದ್ದಲ್ಲ. ಬ್ಲಾಗರಿನಲ್ಲಿ ಆಯ್ದ ಓದುಗರಿಗೆ ಮಾತ್ರ ತೋರಿಸುವ ಸೌಲಭ್ಯ ಇದೆ. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್‌ನಲ್ಲಿ ಒಂದೊಂದು ಬರಹಕ್ಕೂ ಪಾಸ್‌ವರ್ಡ್ ಹಾಕಬಹುದು. ಇವೆರಡರಲ್ಲೂ ನೋಡಿ ಒಳಬಿಡುವುದು ಸರ್ವರ್, ಹಾಗಾಗಿ ಬಾಗಿಲು ಸರಿಯಾದ ಜಾಗದಲ್ಲಿದೆ.

ಆದರೆ ಗಿಟ್‌ಹಬ್ ಪೇಜಸ್‌ನಂಥ ಹೊಸ ಬಿಟ್ಟಿ ತಾಣಗಳಲ್ಲಿ ಮತ್ತೆ ಹಳೆಯ ಕಥೆ. ಪುಟ ಏರಿಸಬಹುದು, ಬಾಗಿಲು ನಮ್ಮದಲ್ಲ. ಹಾಗಾಗಿ ಹಳೆಯ ತಂತ್ರಾಂಶಗಳ ಮೊಮ್ಮಕ್ಕಳು ಹುಟ್ಟಿವೆ. ಸ್ಟ್ಯಾಟಿಕ್ರಿಪ್ಟ್ ಎಂಬುದು ಅದರಲ್ಲಿ ಒಂದು, ಪುಕ್ಕಟೆ, ಮೂಲ ಸಂಕೇತವೂ ತೆರೆದಿದೆ. ಇದು ಎರಡನೇ ಜಾತಿಯದು. ಗೂಢಲಿಪಿ 2001ರಲ್ಲಿ ಮಾನಕವಾದ ಎಇಎಸ್. 2017ರಲ್ಲಿ ಡಬ್ಲ್ಯು3ಸಿ ಮಾನಕವಾದ ವೆಬ್ ಕ್ರಿಪ್ಟೊ ಸೌಲಭ್ಯ ಬ್ರೌಸರಿನಲ್ಲೇ ಇರುವುದರಿಂದ ಲೆಕ್ಕ ಬೇಗ ಆಗುತ್ತದೆ. ಪಾಸ್‌ವರ್ಡನ್ನು ಉಪ್ಪು ಬೆರೆಸಿ ಆರು ಲಕ್ಷ ಸಲ ಅರೆದು ಕೀಲಿಕೈ ಮಾಡುತ್ತದೆ. 1979ರ ಪಾಠವನ್ನು ಕೊನೆಗೂ ಯಾರೋ ಓದಿದರು! ಈಗಿನ ಬ್ರೌಸರುಗಳಲ್ಲಿ ಯುನಿಕೋಡ್ ಕನ್ನಡವೂ ಕೆಡದೆ ಹೋಗಿ ಬರುತ್ತದೆ.

ಆದರೂ ಪೆಟ್ಟಿಗೆ ನೋಡುಗನ ಮನೆಯಲ್ಲಿ ಇರುವುದು ಬದಲಾಗಿಲ್ಲ. ಆದ್ದರಿಂದ ಪಾಸ್‌ವರ್ಡ್ ಉದ್ದ ಇರಲಿ, ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿದ್ದಾಗಿರಲಿ. ಮಗುವಿನ ಹೆಸರು, ಹುಟ್ಟಿದ ವರ್ಷ ಬೇಡವೇ ಬೇಡ. ಒಮ್ಮೆ ಏರಿಸಿದ ಪುಟವನ್ನು ಯಾರಾದರೂ ಉಳಿಸಿಕೊಂಡಿದ್ದರೆ ಆಮೇಲೆ ಪಾಸ್‌ವರ್ಡ್ ಬದಲಿಸಿಯೂ ಪ್ರಯೋಜನವಿಲ್ಲ, ಅವರ ಬಳಿ ಹಳೆಯ ಪೆಟ್ಟಿಗೆ ಹಳೆಯ ಬೀಗದ ಸಮೇತ ಇರುತ್ತದೆ. ಜಗತ್ತಿಗೆ ಗೊತ್ತಾದರೆ ನಿಜಕ್ಕೂ ತೊಂದರೆ ಆಗುವಂಥದ್ದಾದರೆ ಜಾಲಕ್ಕೆ ಏರಿಸದಿರುವುದೇ ವಾಸಿ.

ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಬೀಗ ಹಾಕುವ ಮೊದಲು, ಬೀಗವಿಲ್ಲದ ಒಂದು ಪ್ರತಿಯನ್ನು ಸಾದಾ ಯುನಿಕೋಡ್ ಪಠ್ಯವಾಗಿ ಮನೆಯಲ್ಲಿ ಇಟ್ಟುಕೊಳ್ಳಿ. ಅದು ಎಲ್ಲಿದೆ ಅಂತ ಮನೆಯವರಲ್ಲಿ ಒಬ್ಬರಿಗಾದರೂ ಹೇಳಿ. ಹಳೆಯ ಬರಹ, ನುಡಿ ಕಡತಗಳು ಯಾವುದಾದರೂ ಸಿಡಿಯಲ್ಲಿ ಕೊಳೆಯುತ್ತಿದ್ದರೆ ಈ ವಾರಾಂತ್ಯವೇ ಹೊರಗೆ ತೆಗೆದು ಯುನಿಕೋಡಿಗೆ ಬದಲಿಸಿ. ಪರಿವರ್ತಕಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಸಿಡಿ ಓದುವ ಡ್ರೈವು ಹುಡುಕುವುದೇ ಈಗ ಕಷ್ಟ!

ನಮ್ಮೂರಲ್ಲಿ ಇವತ್ತಿಗೂ ಸೈನೈಡ್ ದಿಬ್ಬಗಳು ನಿಂತಿವೆ. ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣು ಅದು. ಅದರಲ್ಲೂ ಸ್ವಲ್ಪ ಚಿನ್ನ ಉಳಿದಿದೆ, ತೆಗೆಯಬೇಕು ಅಂತ ಸರ್ಕಾರಗಳು ಲೆಕ್ಕ ಹಾಕುತ್ತಲೇ ಇವೆ. ಮಣ್ಣಿನಲ್ಲಿ ಸೇರಿದ ಚಿನ್ನವನ್ನಾದರೂ ಎಷ್ಟೋ ವರ್ಷದ ಮೇಲೆ ತೆಗೆಯಬಹುದು, ಪಾಸ್‌ವರ್ಡ್ ಮರೆತ ಪುಟದಿಂದ ಒಂದು ಅಕ್ಷರವೂ ಬರುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಹಳೆಯ ಜಿಯೋಸಿಟೀಸ್ ಪುಟ, ಡೈನಾಮಿಕ್ ಫಾಂಟಿನ ಕನ್ನಡ ತಾಣ ಉಳಿಸಿ ಇಟ್ಟುಕೊಂಡಿದ್ದೀರಾ? ಇದ್ದರೆ ತಿಳಿಸಿ, ಬಿಚ್ಚಲು ಸಾಧ್ಯವೇ ಅಂತ ಕೂತು ನೋಡೋಣ.

ಮತ್ತೆ ಸಿಗೋಣ.